ಒಂದು ತೆಂಬೊಗೆ ಒಂದು ಲೀಟರ್

ಮುಸಾಂಜೆ ಬಂದರು, ನ್ಯಾಂಬೆರ ದೇಶ
ಸ್ಥಿರಬೆಲೆಯ ಎಂಬತ್ತೊಂದನೆಯ ವರ್ಷ, ಹದಿನೇಳನೆಯ ತಿಂಗಳು, ನಲವತ್ತನೆಯ ದಿನ

ತೀರ್ಥರೂಪ ಸಮಾನರಾದ ಪಿಜ್ಜ ವಾಮನ ಶೇರಿಗಾರರಿಗೆ ನಿಮ್ಮ ಮರಿಮಗಳು ಕಸ್ತೂರಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆ ಕೆಟ್ಟವಳು ಬರೆದ ಕಾಗದವೆಂದು ಮಡಚಿ ಬದಿಗಿಡಬೇಡಿ. ಹದಿನೇಳನೆಯ ತಿಂಗಳಾಗಲಿ, ಅದರ ನಲವತ್ತನೆಯ ದಿನವಾಗಲಿ ನಿಮ್ಮ ಪಂಚಾಂಗದಲ್ಲಿ ಇಲ್ಲವೆಂದು ನನಗೆ ಗೊತ್ತು. ನಮ್ಮಲ್ಲಿ ಸರಕಾರಿ ನೌಕರರ ಸಂಬಳವನ್ನು ವರ್ಷದ ಕೊನೆಯ ದಿನ ಕೊಡಬೇಕೆಂಬ ಕಾನೂನಿದೆ. ಬೊಕ್ಕಸ ಖಾಲಿಯಿದ್ದರೆ ಸರಕಾರ ಕಾನೂನನ್ನು ಮುರಿಯುವುದಿಲ್ಲ, ತಿಂಗಳನ್ನೂ ವರ್ಷವನ್ನೂ ಮುಗಿಯಗೊಡುವುದಿಲ್ಲ. ಹೋದ ವರ್ಷಕ್ಕೆ ಹದಿನೈದು ತಿಂಗಳಿದ್ದವು. ಈ ವರ್ಷ ಎಲ್ಲಿಗೆ ನಿಲ್ಲುತ್ತದೋ ಹೇಳಬಲ್ಲವರಿಲ್ಲ. ಇಲ್ಲಿನ ಲೆಕ್ಕದಲ್ಲಿ ನನಗೆ ಇನ್ನೂ ಐವತ್ತಾಗಿಲ್ಲ. ಮಂಡಿಯನ್ನು ಕೇಳಿದರೆ ಅರವತ್ತು ದಾಟಿತು ಎನ್ನುತ್ತದೆ. ಇನ್ನು ನನ್ನ ಕನ್ನಡ. ಸಮುದ್ರದ ಈಚೆ ನಾಲ್ಕು ತಲೆಮಾರು ಮನೆಯೊಳಗೇ ಬಳಸಿದ ಭಾಷೆ ಇದು. ಹಳೆಯ ಮಾತುಗಳು ಎಷ್ಟೋ ಸವೆದುಹೋಗಿವೆ, ನೀವು ಕೇಳಿರದ ಮಾತುಗಳು ಎಷ್ಟೋ ಬಂದು ಸೇರಿಕೊಂಡಿವೆ. ಅಂಥವು ಬಂದಲ್ಲಿ ವಿವರಿಸುತ್ತೇನೆ, ತಪ್ಪಿದ್ದಲ್ಲಿ ಮನ್ನಿಸಿ.

ನಿಮ್ಮನ್ನು ಪಿಜ್ಜ ಎಂದು ಕರೆಯಲು ಕಲಿಸಿದವಳು ನನ್ನ ಅಮ್ಮ. ಅಜ್ಜನ ಅಪ್ಪನಿಗೆ ನಿಮ್ಮ ಕಡೆ ಹಾಗೆ ಹೇಳುತ್ತಾರಂತೆ. ನೀವು ಇದನ್ನು ಓದುವ ಹೊತ್ತಿಗೆ, ಹಸಿ ಗೇರುಬೀಜ ಕೊಳ್ಳಲೆಂದು ಮೂಡುಬಿದಿರೆಯಿಂದ ಈ ಬಂದರಿಗೆ ಬಂದಿಳಿದ, ಮದುವೆಯೂ ಆಗದ ಹುಡುಗ. ಅಂಥವರನ್ನು ನನ್ನ ವಯಸ್ಸಿನ ಹೆಂಗಸು ಪಿಜ್ಜ ಎನ್ನುವುದು ನಗೆಪಾಟಲೇ ಸರಿ. ಈಗಲೇ ನಕ್ಕುಬಿಡಿ, ಮುಂದೆ ನಗಲು ಹೆಚ್ಚೇನೂ ಇಲ್ಲ. ವರ್ಷಕ್ಕೊಮ್ಮೆ ಗತಿಸಿದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಓರೆ ಮಾಡಿ, ಅವರು ಉಂಡೇಳುವ ತನಕ ಹೊರಗೆ ನಿಲ್ಲುವ ನಿಮ್ಮೂರಿನ ಕ್ರಮವನ್ನು ನಾವು ಬಿಟ್ಟಿಲ್ಲ. ಹಿರಿಯರಿಗೆ ಕಾಲದ ಹಂಗಿಲ್ಲ, ಅವರು ತಮ್ಮ ಯಾವ ವಯಸ್ಸಿನಲ್ಲಿ ಬೇಕಾದರೂ ಬಂದು ಉಣ್ಣುತ್ತಾರೆ ಎಂದು ಅಮ್ಮ ಹೇಳುತ್ತಿದ್ದಳು. ಆ ನಂಬಿಕೆಯ ಮೇಲೆ ಇವತ್ತೇ ಎಲೆ ಹಾಕಿ, ಈ ಕಾಗದವನ್ನು ನಿಮ್ಮ ಎಲೆಯ ಪಕ್ಕದಲ್ಲಿ ಇಡುತ್ತೇನೆ. ಎಲೆಯಲ್ಲಿ ಬಡಿಸಿದ್ದು ಕಡಿಮೆಯಾಯಿತೆಂದು ಬೇಸರ ಮಾಡಿಕೊಳ್ಳಬಾರದು.

ಬರೆಯುವ ಕಾರಣ ನನ್ನ ಮೊಮ್ಮಗಳು ನೀಮಾ. ಪುಟ್ಟ ಮಗು, ಈಗಷ್ಟೇ ಸಾವಿನ ಬಾಯಿಂದ ಹೊರಗೆ ಬಂದು ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದಾಳೆ. ಅವಳ ತಾಯಿ, ನನ್ನ ಒಬ್ಬಳೇ ಮಗಳು ಸಾಫಿಯನ್ನು, ನಿನ್ನೆ ಹಿಡಿದುಕೊಂಡು ಹೋದರು. ಇವತ್ತು ಹೊತ್ತು ಮುಳುಗುವ ಮೊದಲು ನಾನೊಂದು ತೀರ್ಮಾನ ಮಾಡಬೇಕು. ಬಾಯಿ ಮುಚ್ಚಿಕೊಂಡು ಈ ಮಗುವನ್ನು ಸಾಕುವುದೇ, ಅಥವಾ ಪಕ್ಕದ ಲುಕೋಮ ಊರಿಗೆ ಹೋಗಿ, ಇಲ್ಲಿ ಯಾರೂ ಆಡಬಾರದ ಒಂದು ಮಾತನ್ನು ಅಲ್ಲಿನ ತಾಯಂದಿರ ಎದುರು ಆಡಿಬಿಡುವುದೇ. ಆಡಿದರೆ, ತಂದೆ ಮೊದಲೇ ಇಲ್ಲದ ನೀಮಾಳಿಗೆ ಯಾರೂ ಉಳಿಯುವುದಿಲ್ಲ. ಆಡದಿದ್ದರೆ ಲುಕೋಮದ ಮಕ್ಕಳು ಉಳಿಯುವುದಿಲ್ಲ. ಆ ಮಾತು ಯಾವುದು, ಅದು ಅಪರಾಧ ಹೇಗಾಯಿತು ಎಂದು ತಿಳಿಸಬೇಕಾದರೆ ಬೆಲೆಯ ಕಥೆಯಿಂದಲೇ ಶುರು ಮಾಡಬೇಕು.

ಅದರ ಮೊದಲ ಭಾಗ ನಿಮ್ಮ ಕಣ್ಣೆದುರೇ ನಡೆಯುತ್ತಿದೆ. ನೀವು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದು, ಸೀಳಿ, ತಿರುಳು ನೋಡಿ ದರ ಹೇಳುವವರು. ಈ ವರ್ಷ ನೀವು ಹೇಳುವ ದರ ಹೋದ ವರ್ಷಕ್ಕಿಂತ ಕಡಿಮೆ, ಬರುವ ವರ್ಷದ್ದು ಇನ್ನೂ ಕಡಿಮೆ. ತಪ್ಪು ನಿಮ್ಮದೆಂದು ನಾನು ಹೇಳುವುದಿಲ್ಲ, ನಿಮಗೆ ಕಾರ್ಖಾನೆಯವರು ಹೇಳಿದ್ದನ್ನು ನೀವು ಇಲ್ಲಿ ಹೇಳುತ್ತೀರಿ. ಆದರೆ ಈ ದೇಶ ಮಾರುವುದು ಗೇರುಬೀಜ ಒಂದನ್ನೇ. ಕೊಳ್ಳುವುದು ಗೋಧಿ, ಎಣ್ಣೆ, ಔಷಧಿ, ಬಸ್ಸಿನ ಚಕ್ರ ಎಲ್ಲವನ್ನೂ. ಸಾಲ ಕೊಟ್ಟವರು ಬಂದರಿನ ಕ್ರೇನುಗಳನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ಸರಕಾರ ನೋಟು ಅಚ್ಚು ಹಾಕಿತು. ನಮ್ಮ ತೆಂಬೊ ನಾಣ್ಯದ ಮೇಲೆ ಆನೆಯ ಚಿತ್ರವಿದೆಯಲ್ಲ, ಅದಕ್ಕೆ ಎಷ್ಟು ನೋಟು ಸುರಿದರೂ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಯಿತು. ಮುಂದೆ ನೀವು ನೋಡಲಿದ್ದೀರಿ: ಬೆಳಿಗ್ಗೆ ಎರಡು ಸಾವಿರಕ್ಕೆ ಸಿಗುವ ಜೋಳದ ಹಿಟ್ಟು ಸಂಜೆಗೆ ಮೂರು ಸಾವಿರ. ಚಹಾದಂಗಡಿಯಲ್ಲಿ ಜನ ದುಡ್ಡು ಮೊದಲೇ ಕೊಟ್ಟು ಕೂರುತ್ತಾರೆ, ಏಕೆಂದರೆ ಕುಡಿದು ಮುಗಿಸುವಷ್ಟರಲ್ಲಿ ದರ ಏರಿರುತ್ತದೆ. ಸಂಬಳದ ದಿನ ಗಂಡಸರು ನೋಟಿನ ಚೀಲ ಹೊತ್ತು ಅಂಗಡಿಗೆ ಓಡುತ್ತಾರೆ, ಹೆಂಗಸರು ಮೊದಲೇ ಹೋಗಿ ಅಲ್ಲಿ ಸಾಲು ಹಿಡಿದಿರುತ್ತಾರೆ. ನೋಟಿನ ಸೊನ್ನೆಗಳನ್ನು ಮತ್ತೆ ಮತ್ತೆ ಕತ್ತರಿಸಿದರೂ ಅವು ಮೊದಲ ಮಳೆಯ ಅಣಬೆಯ ಹಾಗೆ ಏಳುತ್ತವೆ.

ಇದೆಲ್ಲ ನೋಡಿ ಸಾಕಾದ ಜನಕ್ಕೆ ಸ್ಥಿರಬೆಲೆ ಕಾನೂನು ವರದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಪ್ರತಿ ವಸ್ತುವಿಗೂ ಒಂದು ಬೆಲೆ, ಆ ಬೆಲೆ ಇನ್ನೆಂದೂ ಏರುವಂತಿಲ್ಲ ಎಂದು ಮಾರುಕಟ್ಟೆಯ ಕಟ್ಟೆ ಹತ್ತಿ ಓದಿದರಂತೆ. ಒಂದು ರೊಟ್ಟಿಗೆ ಒಂದು ತೆಂಬೊ, ಒಂದು ಸಾಬೂನಿಗೆ ಒಂದು ತೆಂಬೊ, ಒಂದು ಲೀಟರ್ ಎಣ್ಣೆಗೆ ಒಂದು ತೆಂಬೊ. ಅದೇ ದಿನದಿಂದ ಹೊಸ ವರ್ಷಗಳ ಎಣಿಕೆಯೂ ಶುರುವಾಯಿತು. ಊರಿಗೆ ಊರೇ ಕುಣಿಯಿತು, ನೀವೂ ಗೋದಾಮಿನ ಬಾಗಿಲಲ್ಲಿ ನಿಂತು ಸಿಹಿ ಹಂಚಿದಿರಂತೆ. ಇದನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ ಪಿಜ್ಜ.

ಬೆಲೆ ನಿಂತಿತು, ನಿಜ. ಎಂಬತ್ತೊಂದು ವರ್ಷದಿಂದ ರೊಟ್ಟಿ ಒಂದು ತೆಂಬೊವೇ. ಆದರೆ ಇವತ್ತಿನ ರೊಟ್ಟಿ ನಿಂಬೆಹಣ್ಣಿನಷ್ಟಿದೆ. ಸಾಬೂನು ಹುಣಸೆಬೀಜದಷ್ಟು, ಮೀಯುವಾಗ ಕೈಜಾರಿದರೆ ಹುಡುಕಲು ಮನೆಮಂದಿಯೆಲ್ಲ ಬೇಕು. ಬಸ್ಸಿನ ಟಿಕೆಟ್ ದರವೂ ಹಾಗೇ ಇದೆ. ಲುಕೋಮಕ್ಕೆಂದು ಹೊರಟ ಬಸ್ಸು ಈಗ ಊರಾಚೆಯ ಮಾವಿನ ಮರದ ಹತ್ತಿರ ನಿಲ್ಲುತ್ತದೆ, ಚಾಲಕ ಇಳಿದು "ಲುಕೋಮ ಬಂತು" ಎಂದು ಕೂಗುತ್ತಾನೆ, ಉಳಿದದ್ದನ್ನು ನಡೆಯಬೇಕು. ಮೊಳ ಬಟ್ಟೆಯಲ್ಲಿ ಮಗುವಿನ ತೋಳೂ ಮುಚ್ಚುವುದಿಲ್ಲ. ಕರೆಂಟು ದಿನಕ್ಕೆ ಒಂದು ಗಂಟೆ ಬರುತ್ತದೆ, ಆ ಗಂಟೆಯನ್ನು ಅಳೆಯುವ ಗಡಿಯಾರ ವಿದ್ಯುತ್ ಕಚೇರಿಯಲ್ಲಿದೆ. ಅಕ್ಕಿ ಒಲೆಯ ಮೇಲಿಟ್ಟು ಕುದಿ ಬರುವಷ್ಟರಲ್ಲಿ ಆ ಗಂಟೆ ಮುಗಿಯುತ್ತದೆ. ಕೊಳ್ಳುವುದೆಲ್ಲ ಗಿಡ್ಡವಾಯಿತು, ದುಡಿಯುವುದೆಲ್ಲ ಉದ್ದವಾಯಿತು. ಬೆಳಿಗ್ಗೆ ರೇಡಿಯೋದಲ್ಲಿ ಮಾತ್ರ "ಇಂದೂ ನಮ್ಮ ದೇಶದಲ್ಲಿ ಯಾವ ಬೆಲೆಯೂ ಏರಿಲ್ಲ" ಎಂದು ತಪ್ಪದೆ ಹೇಳುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ನಿಮ್ಮೂರಿನ ಗಾದೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ, ಮಲ್ಲಿಗೆಯನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲದಿದ್ದರೂ.

ಇದೆಲ್ಲದರ ತಾಯಿಬೇರು ಮುದ್ರೆಪಾತ್ರೆ. ಸರಕಾರದ ಮುದ್ರೆ ಒತ್ತಿದ ತಗಡಿನ ಲೀಟರ್ ಪಾತ್ರೆಗೆ ಹಾಗೆನ್ನುತ್ತಾರೆ. ಪ್ರತಿ ಮನೆಗೂ ಒಂದು. ಅಕ್ಕಿ, ಎಣ್ಣೆ, ಸೀಮೆಎಣ್ಣೆ, ಹಾಲು, ಕುಡಿಯುವ ನೀರು ಎಲ್ಲವನ್ನೂ ಅದರಲ್ಲೇ ಅಳೆದು ಪಡೆಯಬೇಕು. ಪಾತ್ರೆ ಇಲ್ಲದ ಮನೆಗೆ ಪಡಿತರ ಇಲ್ಲ. ವರ್ಷಕ್ಕೊಂದು ದಿನ ಪಾತ್ರೆ ಬದಲಿನ ದಿನ ಎಂದು ಬರುತ್ತದೆ. ಹಳೆಯದು ಸವೆದಿದೆ, ತುಕ್ಕು ಹಿಡಿದಿದೆ ಎಂದು ಹೇಳಿ ಎಲ್ಲರ ಪಾತ್ರೆಯನ್ನೂ ಚೌಕದಲ್ಲಿ ಒಪ್ಪಿಸಿಕೊಂಡು ಹೊಸದು ಕೊಡುತ್ತಾರೆ, ಹಳೆಯದನ್ನು ಅಲ್ಲೇ ಬಡಿದು ಚಪ್ಪಟೆ ಮಾಡುತ್ತಾರೆ. ಹೊಸದು ಹಳೆಯದಕ್ಕಿಂತ ಒಂದು ಕೂದಲೆಳೆ ಸಣ್ಣದಿರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲು ಯಾರಿಗೂ ಅವಕಾಶ ಸಿಗುವುದಿಲ್ಲ.

ಹಾಗಾದರೆ ಜನಕ್ಕೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಮೊದಮೊದಲು ತಿಳಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಕುಗ್ಗುಮಾತು ಎಂದು ಹೆಸರಾಯಿತು. ಕುಗ್ಗುಮಾತನ್ನು ಒಮ್ಮೆ ಆಡಿದರೆ ಬಾಯಿತಪ್ಪಿ ಬಂದದ್ದು ಎಂದು ಬಿಡುತ್ತಾರೆ. ಸಾಕ್ಷಿಗಳ ಎದುರು ಎರಡನೆಯ ಬಾರಿ ಆಡಿದರೆ ಉಪ್ಪಿನ ಗದ್ದೆಗೆ ಕಳಿಸುತ್ತಾರೆ, ಮನೆಯ ಮುದ್ರೆಪಾತ್ರೆಯನ್ನೂ ಕಸಿದುಕೊಳ್ಳುತ್ತಾರೆ. ಉಪ್ಪಿನ ಗದ್ದೆಯಿಂದ ಮರಳಿ ಬಂದವರನ್ನು ನಾನು ನೋಡಿಲ್ಲ. ಹೀಗಾಗಿ ಜನ ಒಂದು ಉಪಾಯ ಕಂಡುಕೊಂಡರು. ರೊಟ್ಟಿ ಸಣ್ಣದಾಯಿತು ಎನ್ನುವ ಬದಲು "ನನ್ನ ಕೈ ಬೆಳೆದಿದೆ" ಎನ್ನತೊಡಗಿದರು. ಅಂಗಡಿಯಲ್ಲಿ ರೊಟ್ಟಿ ಕೈಗೆ ಬಂದಾಗ ಮುದುಕರು ಕೂಡ "ಕೈ ಬೆಳೀತಾ ಉಂಟಪ್ಪ" ಎಂದು ನಿಟ್ಟುಸಿರು ಬಿಡುತ್ತಿದ್ದರು. ನನ್ನ ಅಜ್ಜಿ ಅದನ್ನು ಹೇಳುವಾಗ ಕಣ್ಣು ಮಿಟುಕಿಸುತ್ತಿದ್ದಳು. ನನ್ನ ಅಮ್ಮ ಮಿಟುಕಿಸದೆ ಹೇಳುತ್ತಿದ್ದಳು. ನನ್ನ ಮಗಳ ಕಾಲಕ್ಕೆ ಅದು ಶಾಲೆಯ ಪಾಠವಾಗಿತ್ತು: ನ್ಯಾಂಬೆರದವರ ಕೈಗಳು ತಲೆಮಾರಿನಿಂದ ತಲೆಮಾರಿಗೆ ದೊಡ್ಡದಾಗುತ್ತಿವೆ, ಇದು ನಮ್ಮ ಜನಾಂಗದ ಹಿರಿಮೆ. ಸಾಫಿ ಚಿಕ್ಕವಳಿದ್ದಾಗ ತನ್ನ ಕೈಯನ್ನು ಗೋಡೆಗೆ ಒತ್ತಿ ಮಸಿಯಲ್ಲಿ ಗೀಟು ಎಳೆದು ಹೆಮ್ಮೆಪಡುತ್ತಿದ್ದಳು. ನಾನು ಏನೂ ಹೇಳುತ್ತಿರಲಿಲ್ಲ. ಪಾತ್ರೆ ಉಳಿಯಬೇಕಾದರೆ ಹೇಳುವಂತಿರಲಿಲ್ಲ.

ಸಾಫಿ ಬೆಳೆದು ಬಂದರಿನ ಆಸ್ಪತ್ರೆಯಲ್ಲಿ ನರ್ಸ್ ಆದಳು. ಮಳೆ ಕಳೆದ ಮೇಲೆ ಪ್ರತಿ ವರ್ಷ ಇಲ್ಲಿ ವಾಂತಿಭೇದಿ ಬರುತ್ತದೆ, ಅದಕ್ಕೆ ಕೊಡುವುದು ಉಪ್ಪು ಸಕ್ಕರೆ ಬೆರೆತ ಪುಡಿಯ ಒಂದು ಪೊಟ್ಟಣ, ಒಂದು ಲೀಟರ್ ನೀರಿನಲ್ಲಿ ಕದಡಿ. ಆ ಪೊಟ್ಟಣವನ್ನು ನಮ್ಮ ದೇಶದಲ್ಲೇ ಮಾಡುತ್ತಿದ್ದರು. ಅದಕ್ಕೂ ಸ್ಥಿರಬೆಲೆ, ಆದ್ದರಿಂದ ಅದೂ ಪಾತ್ರೆಯ ಜೊತೆಜೊತೆಗೇ ಸಣ್ಣದಾಗುತ್ತಾ ಬಂದಿತ್ತು. ಕಳ್ಳನಿಗೆ ಕಳ್ಳ ಜೊತೆಯಾದ ಹಾಗೆ, ಒಂದರ ಮೋಸವನ್ನು ಇನ್ನೊಂದು ಸರಿದೂಗಿಸುತ್ತಿತ್ತು, ಮಕ್ಕಳು ಗುಣವಾಗುತ್ತಿದ್ದರು. ಈ ವರ್ಷ ಪುಡಿ ಮಾಡುವ ಕಾರ್ಖಾನೆ ಮುಚ್ಚಿತು. ಎಷ್ಟೋ ಕಾಲದ ಮೇಲೆ ಹೊರದೇಶದಿಂದ ದಾನದ ಹಡಗೊಂದು ಬಂತು, ಹೊಳೆಯುವ ಪೊಟ್ಟಣಗಳ ರಾಶಿ ಇಳಿಸಿ ಹೋಯಿತು. ಕಿತ್ತಳೆಹಣ್ಣಿನ ವಾಸನೆಯ ಪುಡಿ. ಮೇಲೆ ಒಂದು ಚಿತ್ರ: ಒಬ್ಬ ಹೆಂಗಸು ಲೀಟರ್ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ, ಪಕ್ಕದಲ್ಲಿ ಒಂದು ಪೊಟ್ಟಣ.

ಆ ಚಿತ್ರ ನೋಡಿ ಆಸ್ಪತ್ರೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಮುದ್ರೆಪಾತ್ರೆ ಒಂದೇ ಕೈಯ ಹಿಡಿತಕ್ಕೆ ಸಿಗುತ್ತದೆ. ಸಾಫಿ ಒಂದು ಪೊಟ್ಟಣವನ್ನು ಮನೆಗೆ ತಂದು ನನಗೆ ತೋರಿಸಿದಳು. "ನೋಡಮ್ಮ, ಪಾಪ, ಹೊರದೇಶದವರ ಕೈ ಎಷ್ಟು ಸಣ್ಣ! ಲೀಟರ್ ಹಿಡೀಲಿಕ್ಕೆ ಎರಡು ಕೈ ಬೇಕು ಅವ್ರಿಗೆ" ಎಂದಳು. ನಾನೂ ನಕ್ಕೆ. ಅಷ್ಟು ವರ್ಷ ಸುಮ್ಮನಿದ್ದು ಸುಮ್ಮನಿದ್ದು ನನಗೂ ಬೇರೇನೂ ಹೊಳೆಯಲಿಲ್ಲ. ಪುಡಿ ನಮ್ಮದಕ್ಕಿಂತ ಬಹಳ ಹೆಚ್ಚಿದೆಯಲ್ಲ ಎಂದಾಗ, "ಹೊರಗಿನ ಮದ್ದು ಗಟ್ಟಿ ಇರ್ತದೆ, ಬೇಗ ಗುಣ ಆಗ್ತದೆ" ಎಂದು ಅವಳೇ ಸಮಾಧಾನ ಹೇಳಿದಳು. ಒಂದು ಪೊಟ್ಟಣಕ್ಕೆ ಒಂದು ಮುದ್ರೆಪಾತ್ರೆ ನೀರು. ಬರೆದದ್ದನ್ನು ಬರೆದ ಹಾಗೆಯೇ ಮಾಡಿದಳು.

ಆ ವಾರ ಆಸ್ಪತ್ರೆಯ ಮಕ್ಕಳ ಕೋಣೆ ತುಂಬಿತ್ತು, ನೀಮಾ ಕೂಡ ಅಲ್ಲೇ ಇದ್ದಳು. ಮದ್ದು ಕುಡಿದ ಮಕ್ಕಳಿಗೆ ಬಾಯಾರಿಕೆ ಹೆಚ್ಚಿತು, ಮೈ ಸುಟ್ಟಿತು, ಆಮೇಲೆ ಕೈಕಾಲು ಸೆಟೆದುಕೊಳ್ಳತೊಡಗಿದವು. ರೋಗ ಜೋರಾಗಿದೆ ಎಂದುಕೊಂಡು ಸಾಫಿ ಮತ್ತೆ ಮತ್ತೆ ಅದನ್ನೇ ಕುಡಿಸಿದಳು. ವಾಂತಿಭೇದಿಯಲ್ಲಿ ಬರಿನೀರು ಕೊಡಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಒಂದೊಂದಾಗಿ ಮಕ್ಕಳು ಹೋದವು. ಶವದ ಪೆಟ್ಟಿಗೆಗೂ ಇಲ್ಲಿ ಸ್ಥಿರಬೆಲೆಯೇ. ಈಗಿನ ಪೆಟ್ಟಿಗೆಯಲ್ಲಿ ದೊಡ್ಡವರನ್ನು ಮಂಡಿ ಮಡಚಿ, ಕತ್ತು ಬಗ್ಗಿಸಿ ಇಡಬೇಕಾಗುತ್ತದೆ. ಈ ಮಕ್ಕಳು ಅದರೊಳಗೆ ನೇರವಾಗಿ, ಸರಿಯಾಗಿ ಹಿಡಿದರು. ಮೊದಲ ಮಗುವನ್ನು ಇಟ್ಟ ದಿನ ಬಡಗಿ ಉಳಿ ಕೆಳಗಿಟ್ಟು ಅತ್ತುಬಿಟ್ಟ.

ಚೇತರಿಸಿಕೊಂಡವಳು ನೀಮಾ ಒಬ್ಬಳೇ. ಕಾರಣ ನಾನು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ, ಅಜ್ಜಿಯ ಮುದ್ದು ಅಷ್ಟೇ. ಅವಳ ಮಂಚದ ಪಕ್ಕ ಕೂತಿದ್ದಾಗ ಅವಳು ತುಟಿ ಒಣಗಿಸಿಕೊಂಡು ನೀರು ನೀರು ಎನ್ನುತ್ತಿದ್ದಳು, ನಾನು ಮನೆಯಿಂದ ಕಾಯಿಸಿ ತಂದ ನೀರನ್ನು ಸೆರಗಿನ ಮರೆಯಲ್ಲಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಸಾಫಿ ನೋಡಿಬಿಟ್ಟಳು.

"ಅಮ್ಮ, ನೀನು ಬರಿನೀರು ಕೊಟ್ಟದ್ದಾ ಅವಳಿಗೆ?"

"ಕೊಟ್ಟೆ. ಮಗು ನೀರು ಕೇಳಿದ್ರೆ ಇಲ್ಲ ಹೇಳುದು ಹೇಗೆ? ಬೈಯುದಾದ್ರೆ ಬೈದುಬಿಡು."

ಅವಳು ಬೈಯಲಿಲ್ಲ. ಎದ್ದು ಕೂತು ನನ್ನ ಬಳೆಯ ಜೊತೆ ಆಡುತ್ತಿದ್ದ ನೀಮಾಳನ್ನು ನೋಡಿದಳು, ಖಾಲಿ ಮಂಚಗಳನ್ನು ನೋಡಿದಳು. ಆಮೇಲೆ ಒಂದು ಪೊಟ್ಟಣ ತೆಗೆದು ಆ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿದಳು. ಅಡುಗೆಕೋಣೆಯಿಂದ ಒಂದು ದೊಡ್ಡ ಪಾತ್ರೆ ತಂದು ಅದಕ್ಕೆ ಮುದ್ರೆಪಾತ್ರೆಯಲ್ಲಿ ನೀರು ಅಳೆದು ಸುರಿಯುತ್ತಾ, ಒಂದೊಂದು ಸಲ ಸುರಿದಾಗಲೂ ಎತ್ತಿ ಹಿಡಿದು ನೋಡುತ್ತಾ ಹೋದಳು. ಐದನೆಯದು ಸುರಿದಾಗ ಎತ್ತಲು ಎರಡೂ ಕೈ ಬೇಕಾಯಿತು, ಚಿತ್ರದಲ್ಲಿದ್ದ ಹಾಗೆಯೇ. ಅದರಲ್ಲಿ ಪೊಟ್ಟಣ ಕದಡಿ ಒಂದು ಗುಟುಕು ಕುಡಿದಳು. ಮಕ್ಕಳಿಗೆ ಕೊಡುತ್ತಿದ್ದ ಲೋಟದಿಂದ ಇನ್ನೊಂದು ಗುಟುಕು ಕುಡಿದಳು. ಅದನ್ನು ಉಗುಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ಉಪ್ಪಿನಕಾಯಿ ನೀರಮ್ಮ ಇದು" ಎಂದಳು. "ನಾನು ಮಕ್ಕಳಿಗೆ ಉಪ್ಪಿನಕಾಯಿ ನೀರು ಕುಡಿಸಿದೆ." ಅವಳ ತಲೆ ನೇವರಿಸಲು ಹೋದ ನನ್ನ ಕೈಯನ್ನು ಹಿಡಿದುಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು. ಅದು ಸಣ್ಣ ಕೈ, ಪಿಜ್ಜ. ಯಾವ ದೇಶದ ಯಾವ ಮುದುಕಿಗೂ ಇರುವಂಥದೇ.

ಮರುದಿನವೇ ಪಾತ್ರೆ ಬದಲಿನ ದಿನ. ಚೌಕದಲ್ಲಿ ಪಾತ್ರೆ ಹಂಚುವ ಅಧಿಕಾರಿ ಬರಾಕೆ ನಮಗೆ ಹೊರಗಿನವನಲ್ಲ. ನಿಮ್ಮ ಗೇರುಬೀಜದ ಅಂಗಳ ಎಂದು ಈಗಲೂ ಕರೆಯುವ ಬಯಲಿನಲ್ಲಿ ನನ್ನ ಜೊತೆ ಆಡಿ ಬೆಳೆದವನು, ನಮ್ಮ ಮನೆಯ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುವವನು, ಸಾಫಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರ ತೋರಿಸಿದವನು. ಅವನ ಮಗನ ಮಗುವೂ ಆ ವಾರ ಹೋಗಿತ್ತು. ಸಾಫಿ ತನ್ನ ಸರದಿ ಬಂದಾಗ ಹಳೆಯ ಪಾತ್ರೆಯನ್ನು ಕೊಡಲಿಲ್ಲ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು, ಪಾತ್ರೆ ಸಣ್ಣದಾಗಿದೆ ಎಂದಳು. ಬರಾಕೆ ಸುತ್ತಲಿನವರನ್ನು ಒಮ್ಮೆ ನೋಡಿದ.

"ಸಾಫಿ, ಗಾಳಿ ಜೋರುಂಟು, ನೀನು ಹೇಳಿದ್ದು ನಂಗೆ ಕೇಳ್ಲಿಲ್ಲ. ಯಾರಿಗೂ ಕೇಳ್ಲಿಲ್ಲ. ಮನೆಗೆ ಹೋಗು ಮಾರಾಯ್ತಿ, ಮಗು ಕಾಯ್ತಾ ಉಂಟು" ಎಂದ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

"ಕೇಳ್ಲಿಲ್ವಾ ಮಾಮ? ಹಾಗಾದ್ರೆ ಇನ್ನೊಮ್ಮೆ ಹೇಳ್ತೇನೆ. ಪಾತ್ರೆ ಸಣ್ಣದಾಗಿದೆ. ನಮ್ಮ ಕೈ ಬೆಳೀಲಿಲ್ಲ. ಹೊಸ ಪೊಟ್ಟಣ ಒಂದಕ್ಕೆ ಐದು ಪಾತ್ರೆ ನೀರು ಹಾಕ್ಬೇಕು. ಒಂದೇ ಹಾಕಿದ್ದಕ್ಕೆ ಮಕ್ಕಳು ಸತ್ತದ್ದು. ನಿಮ್ಮ ಮೊಮ್ಮಗನೂ."

ಅವಳನ್ನು ಹಿಡಿದುಕೊಂಡು ಹೋಗಲು ಬಂದ ಕಾವಲಿನವರಿಗೆ ಅವಳೇ ಕೈ ಮುಂದೆ ಚಾಚಿದಳು. ನಾನು ಗುಂಪಿನಲ್ಲಿ ನಿಂತಿದ್ದೆ. ಮನೆಯ ಪಾತ್ರೆಯನ್ನು ಅಲ್ಲೇ ಬಡಿದು ಚಪ್ಪಟೆ ಮಾಡಿದರು. ಆದರೆ ಆ ಸಂಜೆ ಮುಸಾಂಜೆಯ ಎಷ್ಟೋ ಮನೆಗಳಲ್ಲಿ, ಯಾರೂ ಒಂದು ಮಾತೂ ಆಡದೆ, ಆಸ್ಪತ್ರೆಯವರು ಕೊಟ್ಟ ಪೊಟ್ಟಣಕ್ಕೆ ಐದು ಪಾತ್ರೆ ನೀರು ಹಾಕಿದರು. ಆ ರಾತ್ರಿ ಇಲ್ಲಿ ಯಾವ ಮಗುವೂ ಹೋಗಲಿಲ್ಲ.

ಇವತ್ತು ಬೆಳಿಗ್ಗೆ ಬರಾಕೆ ಬಂದ. ತನ್ನ ಮನೆಯ ಪಾತ್ರೆಯಿಂದ ಅಳೆದ ಅಕ್ಕಿಯನ್ನು ಮೂಟೆ ಕಟ್ಟಿ ತಂದು ಬಾಗಿಲಲ್ಲಿಟ್ಟ. ಉಳಿದ ಪೊಟ್ಟಣಗಳೆಲ್ಲ ಲುಕೋಮಕ್ಕೆ ಹೋಗಿವೆ, ಅಲ್ಲೂ ರೋಗ ಹಬ್ಬಿದೆ ಎಂದ. ಎಚ್ಚರಿಕೆಯ ಆದೇಶ ಹೋಗಿದೆಯೇ ಎಂದು ಕೇಳಿದೆ. "ಹೋಗುದಿಲ್ಲ ಕಸ್ತೂರಿಯಕ್ಕ. ಐದು ಪಾತ್ರೆ ಹಾಕಿ ಅಂತ ಸರಕಾರ ಬರೆದ್ರೆ ಅದು ಸರಕಾರವೇ ಕುಗ್ಗುಮಾತು ಆಡಿದ ಹಾಗೆ. ನೀವು ಮಗು ನೋಡ್ಕೊಳ್ಳಿ. ಅಕ್ಕಿ ನಾನು ತಂದು ಹಾಕ್ತೇನೆ. ಉಳಿದದ್ದು ದೇವರು ನೋಡ್ತಾನೆ" ಎಂದ. ದೇವರಿಗೂ ನಮ್ಮ ಲೀಟರ್ ಗೊತ್ತಿರಲಿಕ್ಕಿಲ್ಲ ಬರಾಕೆ, ಎಂದೆ. ಅವನು ಹೊಸ್ತಿಲ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ತನ್ನ ಮೊಮ್ಮಗನ ಹೆಸರು ಹೇಳಿ ಅತ್ತ.

ಅವನು ಹೋದ ಮೇಲೆ ಬಹಳ ಯೋಚಿಸಿದೆ. ಪಾತ್ರೆಯ ಸುದ್ದಿಯನ್ನೇ ಎತ್ತದೆ, ಮದ್ದಿಗೆ ಮೊದಲು ಹಿರಿಯರ ಹೆಸರಿನಲ್ಲಿ ನಾಲ್ಕು ಪಾತ್ರೆ ಬರಿನೀರು ಕುಡಿಸಿ ಎಂದು ಲುಕೋಮದವರಿಗೆ ಒಂದು ಸುಳ್ಳು ಹೇಳಿ ಬಂದರೆ ಹೇಗೆ ಎಂದೂ ಲೆಕ್ಕ ಹಾಕಿದೆ. ನಮ್ಮ ಹಿರಿಯರನ್ನು ಅಲ್ಲಿ ಕೇಳುವವರು ಯಾರು? ಪೊಟ್ಟಣದ ಮೇಲಿನ ಅಕ್ಷರವನ್ನು ನಂಬಿದ ನರ್ಸ್, ದಾರಿಹೋಕ ಮುದುಕಿಯ ಮಾತಿಗೆ ಬರಿನೀರು ಕೊಡುವುದಿಲ್ಲ. ಸಾಫಿಯೂ ಕೊಡುತ್ತಿರಲಿಲ್ಲ. ಕಾರಣ ಹೇಳಲೇಬೇಕು, ಒಮ್ಮೆ ಹೇಳಿದರೆ ನಂಬದವರಿಗೆ ಎರಡನೆಯ ಸಲವೂ ಹೇಳಲೇಬೇಕು.

ಈಗ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಬೆಲೆ ಏರುವುದನ್ನು ನೀವೊಬ್ಬರೇ ತಡೆಯಲಾರಿರಿ. ಏರಲಿ. ಹೊಟ್ಟೆ ಉರಿಯುತ್ತದೆ, ಬೀದಿಗಿಳಿದು ಬೈಯಿರಿ, ಅರ್ಧ ರೊಟ್ಟಿಯನ್ನು ಅರ್ಧ ರೊಟ್ಟಿ ಎಂದೇ ಕೊಂಡು ತಿನ್ನಿ. ಆದರೆ ಮೊದಲ ವರ್ಷ ಮೊದಲ ಸಲ ನಿಮ್ಮ ಗೋದಾಮಿಗೆ ಬಂದು ಹಳೆಯ ಲೀಟರ್ ಪಾತ್ರೆ ತೆಗೆದುಕೊಂಡು ಹೊಸದು ಕೊಡುತ್ತಾರೆ. ನೀವು ತಿರುಳಿನ ತೂಕವನ್ನು ಕಣ್ಣಲ್ಲೇ ಹೇಳುವವರು, ನಿಮಗೆ ವ್ಯತ್ಯಾಸ ತಿಳಿದೇ ತಿಳಿಯುತ್ತದೆ. ಇಷ್ಟಕ್ಕೆಲ್ಲ ಜಗಳ ಯಾಕೆ, ಪರದೇಶದಲ್ಲಿ ನಮಗ್ಯಾಕೆ ಊರ ಉಸಾಬರಿ ಎಂದು ನೀವು ಸುಮ್ಮನಿದ್ದುಬಿಡುತ್ತೀರಿ. ಹಾಗೆ ಮಾಡಬೇಡಿ ಪಿಜ್ಜ. ಆ ದಿನ ಬಾಯಿಬಿಟ್ಟು ಹೇಳಿ, ಇದು ಸಣ್ಣದುಂಟು ಎಂದು. ಆ ದಿನ ಅದು ಇನ್ನೂ ಅಪರಾಧವಾಗಿರುವುದಿಲ್ಲ. ಹೆಚ್ಚೆಂದರೆ ನಾಲ್ಕು ಜನ ನಿಮ್ಮನ್ನು ಜಿಪುಣನೆಂದು ಆಡಿಕೊಳ್ಳುತ್ತಾರೆ, ಅಷ್ಟೇ. ಪಕ್ಕದವನೂ ಹೇಳುವ ಹಾಗೆ ಮಾಡಿ. ಅದೇ ಮಾತಿಗೆ ನನ್ನ ಮಗಳು ಎಷ್ಟು ತೆತ್ತಳೆಂದು ಮೇಲೆ ಬರೆದಿದ್ದೇನೆ.

ನನ್ನ ತೀರ್ಮಾನ ಆಯಿತು. ನೀಮಾಳನ್ನು ಬರಾಕೆಯ ಮನೆಯಲ್ಲಿ ಬಿಡೋಣವೆಂದುಕೊಂಡಿದ್ದೆ. ಬಿಟ್ಟರೆ, ಕುಗ್ಗುಮಾತಿನವರ ಮಗುವನ್ನು ಸಾಕಿದ ತಪ್ಪಿಗೆ ನಾಳೆ ಅವನ ಪಾತ್ರೆಯೂ ಹೋಗುತ್ತದೆ. ಅಲ್ಲದೆ ಲುಕೋಮದ ತಾಯಂದಿರು ನನ್ನ ಮಾತನ್ನು ನಂಬಲಿಕ್ಕಿಲ್ಲ, ಇವಳನ್ನು ನೋಡಿದರೆ ನಂಬಿಯಾರು. ಅದೇ ಮದ್ದು ಕುಡಿದು ಬದುಕಿದವಳು ಇವಳೊಬ್ಬಳೇ. ಆದ್ದರಿಂದ ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತೇನೆ. ಬಸ್ಸು ಮಾವಿನ ಮರದ ತನಕ ಹೋಗುತ್ತದೆ, ಅಲ್ಲಿಂದ ನಡೆಯಬೇಕು. ನನಗೆ ಹೆದರಿಕೆಯಾಗುತ್ತಿದೆ. ಇವಳನ್ನು ಹಡೆದವಳನ್ನು ಕಳಕೊಂಡೆ, ಇನ್ನು ಇವಳನ್ನೂ ನನ್ನ ಕೈಯಾರೆ ಅನಾಥೆ ಮಾಡಲು ಹೊರಟಿದ್ದೇನೆ. ಹೋಗದೆ ಇರಲು ನನ್ನಿಂದಾಗುವುದಿಲ್ಲ.

ಎದ್ದಳು ಪುಟ್ಟಿ. ನೀರು ಕೇಳುತ್ತಿದ್ದಾಳೆ. ಕುಡಿಸಿ ಹೊರಡುತ್ತೇನೆ.

ನಿಮ್ಮ ಮರಿಮಗಳು,
ಕಸ್ತೂರಿ